ಬಿಟ್ಟದ್ದು ಏನು?

ಕಳೆದ ಚಳಿಗಾಲದಲ್ಲಿ ನಮ್ಮ ಬೇಸ್‌ಮೆಂಟಿನಲ್ಲಿ ಒಂದು ಪುಟ್ಟ ರೈಲು ಮಾರ್ಗ ಕಟ್ಟಿದೆ. ನಾನು ಹುಡುಗನಾಗಿದ್ದಾಗ ನಮ್ಮೂರಿಗೆ ಬರುತ್ತಿದ್ದ ಮೀಟರ್ ಗೇಜ್ ರೈಲಿನದು, ಅಳತೆ 1:87. ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ಮಾದರಿಗಳಿಗೆಂದು ಸಿಗುವ 12 ಮಿ.ಮೀ. ಹಳಿ ಇದಕ್ಕೆ ಸರಿಹೋಯಿತು. ಪ್ಲಾಸ್ಟರಿನ ಗುಡ್ಡ, ಬಣ್ಣ ಹಾಕಿದ ಮರದ ಪುಡಿಯ ಹುಲ್ಲು, ಸ್ಟೇಷನ್ನಿನ ಮುಂದೆ ಆಲದ ಮರ.

ಈ ಅಳತೆಯಲ್ಲಿ ಒಂದು ಕಿಲೋಮೀಟರ್ ಎಂದರೆ ಹನ್ನೊಂದೂವರೆ ಮೀಟರ್. ನನ್ನ ಮೇಜು ಇರುವುದು ಮೂರು ಮೀಟರ್. ಬಹಳಷ್ಟನ್ನು ಬಿಡಲೇಬೇಕು, ಅದರಲ್ಲಿ ಸುಳ್ಳೇನೂ ಇಲ್ಲ ಎಂದುಕೊಂಡಿದ್ದೆ.

ಮಗಳು ನೋಡಿ ಕೇಳಿದಳು: "ಅಪ್ಪಾ, ಈ ಹಳಿ ನೋಡಿಕೊಳ್ಳುವವರ ಮನೆ ಎಲ್ಲಿ?"

ಸ್ಟೇಷನ್ನಿನ ಆಚೆ ಗ್ಯಾಂಗ್‌ಮನ್‌ಗಳ ಸಾಲುಮನೆ ಇತ್ತು. ಅಲ್ಲಿದ್ದ ಕೀಮ್ಯಾನ್ ದಿನವೂ ಸುತ್ತಿಗೆ ಹಿಡಿದು ಹಳಿಯುದ್ದಕ್ಕೂ ನಡೆದು, ಸಡಿಲವಾದದ್ದನ್ನು ಬಿಗಿ ಮಾಡುತ್ತಿದ್ದರು. ಅವರ ಮಗ ನನ್ನ ಸಹಪಾಠಿ, ಲೆಕ್ಕದಲ್ಲಿ ನನಗಿಂತ ಮುಂದು. ಎಸ್ಸೆಸ್ಸೆಲ್ಸಿ ಆದ ಮೇಲೆ ಅವನು ಕೂಲಿಗೆ ಹೋದ. ನಾನು ಅವನಪ್ಪ ಬಿಗಿ ಮಾಡಿದ ಹಳಿಯ ಮೇಲೆ ಕಾಲೇಜಿಗೆ ಹೋದೆ.

ಆ ಸಾಲುಮನೆಗೆ ಒಂದು ಗೇಣು ಜಾಗ ಸಾಕಿತ್ತು. ಆಲದ ಮರಕ್ಕೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆ. ರೋಗಿ ಹೇಳದೆ ಬಿಟ್ಟ ಮಾತಿನಲ್ಲೇ ಎಷ್ಟೋ ಸಲ ರೋಗದ ಮೂಲ ಇರುತ್ತದೆಂದು ಕಿರಿಯ ವೈದ್ಯರಿಗೆ ಹೇಳುವವನು ನಾನು! ಜಾಗ ಸಾಲದೆ ಬಿಡುವುದು ಬೇರೆ, ನೆನಪು ಹಿತವಾಗಿರಲೆಂದು ಬಿಡುವುದು ಬೇರೆ. ನಾವು ಮಕ್ಕಳಿಗೆ ಹೇಳುವ ಊರಿನ ಕಥೆಗಳಲ್ಲೂ ಈ ಎರಡನೆಯದು ಇಲ್ಲವೇ?

ಸಾಲುಮನೆ ಈಗ ಬಂದಿದೆ. ಎರಡು ಸೆಂಟಿಮೀಟರ್ ಎತ್ತರದ ಕೀಮ್ಯಾನ್ ಗೊಂಬೆ ಹಳಿಯ ಪಕ್ಕದಲ್ಲಿ ನಿಂತಿದೆ. ಇದರಿಂದ ಯಾವ ಋಣವೂ ತೀರಲಿಲ್ಲ. ಗೆಳೆಯನ ವಿಳಾಸ ಹುಡುಕುತ್ತಿದ್ದೇನೆ. ಮಕ್ಕಳನ್ನು ಕರೆದುಕೊಂಡು ಬನ್ನಿ, ರೈಲು ಓಡಿಸೋಣ.