ಕಡಲಿನ ಭಯಕ್ಕೊಂದು ಕಾದಂಬರಿ

ನಡುರಾತ್ರಿ, ನಡುಗಡಲು. ನೀರಿನಿಂದ ಯಾರೋ ‘ಮುಳುಗುತ್ತಿದ್ದೇನೆ, ಕಾಪಾಡಿ’ ಎಂದು ಕೂಗುತ್ತಾರೆ. ಹಗ್ಗ ಎಸೆಯಬೇಕೋ ಬೇಡವೋ? ಮುತ್ತು ತೆಗೆಯಲು ಹೋಗುತ್ತಿದ್ದ ಕತಾರಿನ ಹಳೆಯ ನಾವಿಕರು ಎರಡೆರಡು ಸಲ ಯೋಚಿಸುತ್ತಿದ್ದರಂತೆ. ಕೂಗಿದವನು ಬು ದರ್ಯ ಎಂಬ ಕಡಲ ಜಿನ್ನಿಯಾಗಿದ್ದರೆ ಅವನನ್ನು ಹತ್ತಿಸಿಕೊಂಡ ಹಡಗಿಗೆ ಉಳಿಗಾಲವಿಲ್ಲ. ಕೊಲ್ಲಿಯ ದಂಡೆಯುದ್ದಕ್ಕೂ ಹೇಳುವ ಕತೆ ಇದು. ಅವನ ಸುಳಿವು ಸಿಕ್ಕಿತೋ, ‘ಗರಗಸ ತನ್ನಿ’ ಎಂದು ಎಲ್ಲರೂ ಬೊಬ್ಬೆ ಹಾಕಬೇಕು. ನನಗೆ ಈ ಗರಗಸದ ಮೇಲೆ ಬಹಳ ಪ್ರೀತಿ. ಮಂತ್ರವಾದಿ ಬೇಡ, ಬಡಗಿ ಸಾಕು!

ದೋಹಾದಲ್ಲಿ ಕೂತು ಶಾನನ್ ಚಕ್ರಬೋರ್ತಿಯವರ ‘ದಿ ಅಡ್ವೆಂಚರ್ಸ್ ಆಫ್ ಅಮೀನಾ ಅಲ್-ಸಿರಾಫಿ’ ಓದುವಾಗ ಈ ಕತೆ ಮತ್ತೆ ಮತ್ತೆ ನೆನಪಾಗುತ್ತಿತ್ತು. 2023ರಲ್ಲಿ ಬಂದ ಈ ಇಂಗ್ಲಿಷ್ ಕಾದಂಬರಿಯ ಕಾಲ 12ನೇ ಶತಮಾನ, ರಂಗ ಅರಬ್ಬೀ ಸಮುದ್ರ. ಕಡಲ್ಗಳ್ಳತನಕ್ಕೆ ಕೈಮುಗಿದು ಮಗಳೊಂದಿಗೆ ಅಡಗಿ ಬಾಳುತ್ತಿರುವ ನಡುವಯಸ್ಸಿನ ಅಮೀನಾಳ ಮನೆಗೆ, ಅವಳ ಕೈಕೆಳಗೆ ದುಡಿಯುತ್ತಲೇ ಸತ್ತ ನಾವಿಕನೊಬ್ಬನ ಸಿರಿವಂತ ತಾಯಿ ಬರುತ್ತಾಳೆ. ಕಾಣೆಯಾದ ಮೊಮ್ಮಗಳನ್ನು ಹುಡುಕಿಕೊಡಬೇಕು. ಅಲ್ಲಿಂದ ಪತ್ತೇದಾರಿ ಶುರು. ಯಾರು ಏನು ಮುಚ್ಚಿಟ್ಟಿದ್ದಾರೆ ಎಂಬುದನ್ನು ನಾನು ಹೇಳಿದರೆ ಓದುವವರ ಸುಖ ಕೆಡುತ್ತದೆ.

ಹೇಳಬೇಕಾದ್ದು ಅದರಲ್ಲಿನ ಭಯದ ಬಗ್ಗೆ. ಅಮೀನಾಳಿಗೆ ಮಂಡಿನೋವಿದೆ. ಮನೆಯ ಮಾಡು ಸೋರುತ್ತದೆ. ಮಗಳನ್ನು ಬಿಟ್ಟು ಹೊರಡಲು ಕಾಲು ಬಾರದು. ಇಷ್ಟನ್ನು ನಂಬಿದ ಓದುಗ, ನೀರಿನಡಿ ಏನೋ ಹೊರಳಿತು ಎಂದರೆ ಅದನ್ನೂ ನಂಬಿಬಿಡುತ್ತಾನೆ. ಮೊದಲ ಪುಟದಿಂದಲೇ ರಕ್ತ ಚೆಲ್ಲುವ ಪುಸ್ತಕಗಳು ನನ್ನನ್ನು ಹೆದರಿಸಿದ್ದು ಕಡಿಮೆ. ಹಾಗೆಂದು ಈ ಕಾದಂಬರಿ ಕೊನೆಯವರೆಗೂ ಅದೇ ಬಿಗಿಯಲ್ಲಿದೆ ಎನ್ನಲಾರೆ. ಅದ್ಭುತಗಳು ಸಾಲುಗಟ್ಟಿ ಬರತೊಡಗಿದ ಮೇಲೆ ಭಯ ಇಳಿದು ಬರೀ ಸಾಹಸ ಉಳಿಯುತ್ತದೆ.

ಇಂಥ ಕತೆ ಓದಿದ ಮೇಲೆ ಕತಾರಿನ ವಾಯವ್ಯ ತೀರದ ಅಲ್ ಝುಬಾರಾಕ್ಕೆ ಹೋಗಬೇಕು. 18ನೇ ಶತಮಾನದ ಮುತ್ತಿನ ಪೇಟೆ ಅದು. 1811ರ ದಾಳಿಯಲ್ಲಿ ಸುಟ್ಟುಹೋಯಿತು, ಆಮೇಲೆ ಮೊದಲಿನಂತೆ ಏಳಲೇ ಇಲ್ಲ. 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮರಳು ಸರಿಸಿ ಅಗೆದಾಗ ಖರ್ಜೂರದ ಮೂಟೆ ಪೇರಿಸಿ ರಸ ಇಳಿಸುತ್ತಿದ್ದ, ಕಾಲುವೆ ಕಾಲುವೆಯಾಗಿ ಗಾರೆ ಹಾಕಿದ ನೆಲದ ಕೋಣೆಗಳು ಸಿಕ್ಕವು. ಒಂದು ಮನೆಯ ಗೋಡೆಯ ಗಾರೆಯ ಮೇಲೆ ಯಾರೋ ಗೀಚಿದ ಹಡಗಿನ ಚಿತ್ರವೂ ಸಿಕ್ಕಿತು. ಗೀಚಿದ್ದು ಹಡಗಿಗೆ ಹೋಗಿ ಬಂದವನೋ, ಅಪ್ಪನ ದಾರಿ ಕಾಯುತ್ತಿದ್ದ ಹುಡುಗನೋ? ದಾಖಲೆ ಇಲ್ಲ. ಕಾದಂಬರಿಕಾರನಿಗೆ ಬೇಕಾದ್ದೇ ಈ ‘ಇಲ್ಲ’.

ನಮ್ಮ ಕರಾವಳಿಯಲ್ಲಿ ಇಂಥ ‘ಇಲ್ಲ’ಗಳಿಗೇನು ಬರವೆ? ಅಮೀನಾಳ ಶತಮಾನದಲ್ಲೇ, 1132ರ ಹೊತ್ತಿಗೆ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಮನೆ ಮಾಡಿಕೊಂಡು ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಅವನ ಲೆಕ್ಕಪತ್ರ, ಕಾಗದಗಳು ಈಜಿಪ್ಟಿನ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದುಕೊಂಡವು. ಆ ಕಾಗದಗಳಲ್ಲಿ ಹಾದುಹೋಗುವ ಬೊಮ್ಮ ಎಂಬ ಆಳಿನ ಬೆನ್ನುಹತ್ತಿ ಅಮಿತಾವ್ ಘೋಷ್ 1992ರಲ್ಲಿ ‘ಇನ್ ಆನ್ ಆ್ಯಂಟಿಕ್ ಲ್ಯಾಂಡ್’ ಬರೆದರು. ಹುಡುಕುತ್ತಾ ಹೋದ ಅವರಿಗೆ ತುಳುನಾಡಿನಲ್ಲಿ ಎದುರಾದದ್ದು ಭೂತಗಳ ಲೋಕ. ಅದರಲ್ಲಿ ಬೊಬ್ಬರ್ಯನೂ ಇದ್ದಾನೆ.

ಬೊಬ್ಬರ್ಯನ ಕತೆ ಕೇಳಿದವರು ಅವನನ್ನು ಮರೆಯುವುದಿಲ್ಲ. ಮುಸ್ಲಿಂ ವ್ಯಾಪಾರಿಯ ಮಗ, ತಾನೂ ಹಡಗು ನಡೆಸಿದವನು, ಕಡಲಲ್ಲಿ ಸತ್ತು ದೈವವಾದವನು. ಅವನಿಗೆ ಕಟ್ಟೆ ಕಟ್ಟಿ ನಂಬಿದವರು ಮೀನು ಹಿಡಿಯುವ ಮೊಗವೀರರು. ಕೊಲ್ಲಿಯವರು ತಮ್ಮ ಕಡಲ ಭಯವನ್ನು ಗರಗಸ ತೋರಿಸಿ ಓಡಿಸಿದರು. ನಮ್ಮವರು ಅದಕ್ಕೆ ಕೋಲ ಕಟ್ಟಿ, ಎದುರು ಕೈಮುಗಿದು ನಿಂತು ಮಾತಾಡಿಸಿದರು. ಆಚೆ ದಡದಲ್ಲೂ ಈಚೆ ದಡದಲ್ಲೂ ಹೆದರಿಕೆ ಮಾತ್ರ ಒಂದೇ: ಹೋದವನು ಬರುತ್ತಾನೋ ಇಲ್ಲವೋ. ವಿಮಾನ ಹತ್ತಿ ಕೊಲ್ಲಿಗೆ ಬಂದ ಕರಾವಳಿಯವರ ಮನೆಗಳಲ್ಲಿ ಇಂದಿಗೂ ಅದು ಪೂರ್ತಿ ಹೋಗಿಲ್ಲ.

ಇಷ್ಟಿದ್ದೂ ಕನ್ನಡದಲ್ಲಿ ಈ ಬಗೆಯ ಕಾದಂಬರಿ ವಿರಳ. ಇತಿಹಾಸದ ಒಗಟು ಬಿಡಿಸುವ ಕತೆಗೆ ಕೆ. ಎನ್. ಗಣೇಶಯ್ಯನವರು ದೊಡ್ಡ ಓದುಗ ಬಳಗವನ್ನೇ ಕಟ್ಟಿದ್ದಾರೆ. ಗೇರುಸೊಪ್ಪೆಯ ಮೆಣಸಿನ ರಾಣಿ ಚೆನ್ನಭೈರಾದೇವಿಯನ್ನು ‘ಬಳ್ಳಿಕಾಳ ಬೆಳ್ಳಿ’ಯಲ್ಲಿ ತಂದರು. ಆದರೆ ಅವರದು ವಿಜ್ಞಾನಿಯ ದಾರಿ: ಆಕರ, ಚಿತ್ರ, ಪುರಾವೆ ಮುಂದಿಟ್ಟುಕೊಂಡು ಒಗಟನ್ನು ಬಿಡಿಸಿಯೇ ತೀರುತ್ತಾರೆ. ನಾನು ಕೇಳುತ್ತಿರುವುದು ಒಂದು ಗಂಟನ್ನಾದರೂ ಬಿಚ್ಚದೆ ಬಿಡುವ ಪುಸ್ತಕ.

ಬರೆಯುವವರಿಗೆ ಸಾಮಗ್ರಿಯ ಕೊರತೆ ಇಲ್ಲ. ಬ್ರಿಟಿಷ್ ಲೈಬ್ರರಿಯ ಜೊತೆ ಸೇರಿ 2014ರಲ್ಲಿ ತೆರೆದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಕೊಲ್ಲಿಯ ಹಳೆಯ ಕಡತ, ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಊರಲ್ಲಿ ಭೂತಗಳ ಕತೆಯ ಪಾಡ್ದನ ಹೇಳುವವರು ಇನ್ನೂ ಇದ್ದಾರೆ. ಯಾರಾದರೂ ಕೈಹಾಕಿದರೆ ಒಂದೇ ವಿನಂತಿ: ಬೊಬ್ಬರ್ಯನನ್ನು ಮೊದಲ ಅಧ್ಯಾಯದಲ್ಲೇ ತೋರಿಸಿಬಿಡಬೇಡಿ.