ಉದ್ಯಮತ್ಯಾಗವೂ ಅನ್ನಪಾನನಿರೋಧವೂ

ಪ್ರೋಷಧೋಪವಾಸವನ್ನು ಕೈಗೊಂಡ ಶ್ರಾವಕನು ಅಷ್ಟಮಿಯಂದು ಥಟ್ಟನೆ ಅನ್ನವನ್ನು ಬಿಡುವುದಿಲ್ಲ. ಸಪ್ತಮಿಯಂದು ಏಕಭುಕ್ತಿಯಿಂದ ಧಾರಣೆ, ನವಮಿಯಂದು ಏಕಭುಕ್ತಿಯಿಂದ ಪಾರಣೆ. ತ್ಯಾಗಕ್ಕೂ ಒಂದು ಪ್ರವೇಶ, ಒಂದು ನಿರ್ಗಮನ ಬೇಕೆಂಬುದನ್ನು ನಮ್ಮ ಆಚಾರ್ಯರು ಬಲ್ಲವರಾಗಿದ್ದರು. ಒಂದು ಉದ್ಯಮವು ಹಿಂಸೆಯನ್ನು ತ್ಯಜಿಸುವಾಗ ಈ ಕ್ರಮವು ಬೇಡವೇ?

ಕುದುರೆಮುಖದ ಕಬ್ಬಿಣದ ಅದಿರಿನ ಕಂಪೆನಿಯು 1976ರಲ್ಲಿ ಸ್ಥಾಪಿತವಾಯಿತು. ಬೆಟ್ಟವನ್ನು ಅಗೆದು, ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹೂಳು ಲಖ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಇಳಿಯಿತು. ಪೃಥ್ವೀಕಾಯ, ಜಲಕಾಯ, ವನಸ್ಪತಿಕಾಯ ಜೀವಗಳಿಗಾದ ಘಾತವನ್ನು ಅಳೆಯುವವರಾರು? 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರಿನಲ್ಲಿ ಆಜ್ಞಾಪಿಸಿತು. ಗಣಿ ನಿಂತಿತು. ಆ ತೀರ್ಪಿನ ವಿಷಯದಲ್ಲಿ ನನಗೆ ಎಳ್ಳಷ್ಟೂ ತಕರಾರಿಲ್ಲ.

ಆದರೆ ಗಣಿಗಾಗಿಯೇ ಕಟ್ಟಿದ ಊರು ಬಹುಮಟ್ಟಿಗೆ ಬರಿದಾಯಿತು. ಮಂಗಳೂರಿನ ಕಾರ್ಖಾನೆಯು ಹೊರಗಿನಿಂದ ತಂದ ಅದಿರಿನಿಂದ ಮುಂದುವರಿಯಿತು, ಕಂಪೆನಿಯು ಬದುಕಿತು. ಇಂಥ ಸಂದರ್ಭದಲ್ಲಿ ಖಾಯಂ ನೌಕರನಿಗೆ ಹಕ್ಕಿನ ಹಣವಾದರೂ ಉಂಟು. ಗುತ್ತಿಗೆದಾರನ ಕೈಕೆಳಗಿನ ಕೂಲಿಯ ಹೆಸರು ಕಂಪೆನಿಯ ಹಾಜರಿ ಪುಸ್ತಕದಲ್ಲಿಯೇ ಇರುವುದಿಲ್ಲ. ಅವನನ್ನು ನಂಬಿದ ಚಹದಂಗಡಿಯವನಂತೂ ಯಾರ ಲೆಕ್ಕಕ್ಕೂ ಬಾರನು. ಗಣಿಯ ಭಾರೀ ಡಂಪರನ್ನು ನಡೆಸುವ ಕೌಶಲಕ್ಕೆ ಗಣಿಯಿಲ್ಲದ ಊರಿನಲ್ಲಿ ಬೆಲೆಯೆಲ್ಲಿ?

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೊನೆಯವೆರಡು ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠ ಹೇಳುವಾಗಲೆಲ್ಲ ನಾನು ಎತ್ತಿನ ಮೇಲಿನ ಹೊರೆಯನ್ನೇ ಉದಾಹರಿಸುತ್ತಿದ್ದೆ. ಮನುಷ್ಯನ ಮಾತು ಹೊಳೆದುದು ತಡವಾಗಿ. ತಾನು ಉಪವಾಸವಿರುವುದು ತಪಸ್ಸು. ತನ್ನ ತ್ಯಾಗದ ಹಸಿವನ್ನು ಪರರ ಮನೆಗೆ ಕಳುಹಿಸಿದರೆ ಅದನ್ನು ಏನೆಂದು ಕರೆಯೋಣ? ಬೆಟ್ಟ ಉಳಿದುದರ ಫಲವು ನಮಗೆಲ್ಲರಿಗೂ ಸಂದಿತು, ಹೊರೆಯು ಮಾತ್ರ ಅತಿ ದುರ್ಬಲನ ಹೆಗಲಿಗೇರಿತು.

ಕೂಲಿಯವರ ಹೆಸರು ಹೇಳಿಕೊಂಡೇ ಗಣಿಯನ್ನು ಮುಂದುವರಿಸಬೇಕೆನ್ನುವವರುಂಟು. ಅದನ್ನು ಒಪ್ಪಲಾಗದು. ಧಾರಣೆಯು ಅಷ್ಟಮಿಯನ್ನು ನವಮಿಗೆ ದೂಡುವುದಿಲ್ಲವಷ್ಟೆ! ನಿಲ್ಲಿಸುವ ದಿನವು ಸ್ಥಿರವಾಗಿರಲಿ. ಅದಕ್ಕೆ ಮುನ್ನ ಗುತ್ತಿಗೆಯವರನ್ನೂ ಪಟ್ಟಿಗೆ ಸೇರಿಸಬೇಕು, ಲಾಭದಲ್ಲಿ ನಿಧಿಯನ್ನು ತೆಗೆದಿಡಬೇಕು, ಬೇರೊಂದು ಕಸುಬನ್ನು ಕಲಿಸಬೇಕು. ಅಗೆದ ಬೆಟ್ಟದಲ್ಲಿ ಮತ್ತೆ ಗಿಡ ನೆಡುವುದಕ್ಕೂ ಕೈಗಳು ಬೇಕು; ಅಗೆದ ಕೈಗಳಿಗೇ ಆ ಕೆಲಸ ಮೊದಲು ಸಲ್ಲಲಿ.

ನಮ್ಮ ಸಮಾಜದಲ್ಲಿಯೂ ಅಕ್ಕಿ ಗಿರಣಿಯನ್ನೋ ಗೇರುಬೀಜದ ಕಾರ್ಖಾನೆಯನ್ನೋ ನಡೆಸುವ ಧರ್ಮಬಂಧುಗಳಿದ್ದಾರೆ. ಹೊಗೆ ಕಡಮೆಯಾಗಲೆಂದು ಹೊಸ ಯಂತ್ರವನ್ನು ತರುವವರ ಭಾವನೆ ಶ್ಲಾಘ್ಯವೇ. ಬೀಜ ಸುಲಿಯುವ ಹೆಂಗಸರಿಗೆ ಆ ಸಂಗತಿಯನ್ನು ಎಷ್ಟು ತಿಂಗಳು ಮುಂಚಿತವಾಗಿ ತಿಳಿಸಿದಿರಿ ಎಂದು ಅವರನ್ನು ಕೇಳಬೇಕೆನಿಸುತ್ತದೆ.