ಅಮಾನತಿನ ಆಚೆಗೆ

ಶಾಲೆಯೊಂದರ ವಿಡಿಯೊ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದರೆ ಸಂಜೆಯೊಳಗೆ ಮೇಷ್ಟ್ರ ಅಮಾನತು ಆದೇಶ ಹೊರಬಿದ್ದಿರುತ್ತದೆ. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಸುದ್ದಿ. ಊರಿನ ಪಾಲಿಗೆ ಅಲ್ಲಿಗೆ ವಿಷಯ ಮುಗಿಯಿತು. ಮೇಷ್ಟ್ರು ನಿಜಕ್ಕೂ ತಪ್ಪು ಮಾಡಿದ್ದರೇ ಎಂದು ಆಮೇಲೆ ಕೇಳುವವರಿಲ್ಲ. ಶಿಕಾರಿಪುರ, ಸೊರಬದ ಹಳ್ಳಿಗಳಲ್ಲೂ ‘ಸಸ್ಪೆಂಡ್ ಆದ್ರಂತೆ’ ಎಂಬ ಮಾತೇ ತೀರ್ಪಾಗಿಬಿಡುತ್ತದೆ.

ಕಾನೂನಿನ ಕಣ್ಣಲ್ಲಿ ಅಮಾನತು ಶಿಕ್ಷೆಯೇ ಅಲ್ಲ. ಸರ್ಕಾರಿ ಶಿಕ್ಷಕರಿಗೆ ಅನ್ವಯಿಸುವುದು 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು. ಅದರಲ್ಲಿ ಶಿಕ್ಷೆಗಳ ಪಟ್ಟಿ 8ನೇ ನಿಯಮದಲ್ಲಿದೆ, ಅಮಾನತು 10ನೇ ನಿಯಮದಲ್ಲಿ ಬೇರೆಯಾಗಿ ಬರುತ್ತದೆ. ವಿಚಾರಣೆಗೆ ಅಡ್ಡಿಯಾಗದಿರಲಿ ಎಂದು ನೌಕರನನ್ನು ಸ್ವಲ್ಪ ಕಾಲ ದೂರವಿಡುವುದಷ್ಟೇ ಅದರ ಉದ್ದೇಶ. ಅಸಲಿ ಕೆಲಸ ಶುರುವಾಗಬೇಕಾದದ್ದು 11ನೇ ನಿಯಮದಲ್ಲಿ. ಆರೋಪವನ್ನು ಬರೆದು ಕೊಡಬೇಕು, ಯಾವ ದಾಖಲೆ, ಯಾವ ಸಾಕ್ಷಿ ಎಂದು ಹೇಳಬೇಕು, ಉತ್ತರ ಕೇಳಬೇಕು, ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಬಿಡಬೇಕು. ವಿಚಾರಣಾ ವರದಿಯ ಪ್ರತಿಯನ್ನೂ ಆರೋಪಿ ನೌಕರನ ಕೈಗೆ ಕೊಡಬೇಕೆಂದು 1990ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದಕ್ಕೆಲ್ಲ ಬುನಾದಿ ಸಂವಿಧಾನದ 311ನೇ ವಿಧಿ.

ಪಾಠ ಮಾಡದ ಮೇಷ್ಟ್ರಿಗೂ ಇದೇ ರಕ್ಷಣೆಯಲ್ಲವೇ ಎಂದು ಪೋಷಕರು ಕೇಳುತ್ತಾರೆ. ಮಗುವನ್ನು ದಿನಾ ಶಾಲೆಗೆ ಕಳಿಸುವವರು ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ತಪ್ಪಿತಸ್ಥರು ಪಾರಾಗುವುದು ನಿಯಮ ಇರುವುದರಿಂದಲ್ಲ, ನಿಯಮ ಪಾಲಿಸದೆ ಅವಸರ ಮಾಡುವುದರಿಂದ. ಆರೋಪ ಪಟ್ಟಿ ಅಸ್ಪಷ್ಟವಾಗಿದ್ದರೆ, ಸಾಕ್ಷಿಗಳ ಹೇಳಿಕೆ ಪಡೆಯದೆ ವರದಿ ಬರೆದಿದ್ದರೆ ಆಡಳಿತ ನ್ಯಾಯಮಂಡಳಿಯಲ್ಲಿ ಆದೇಶ ನಿಲ್ಲುವುದಿಲ್ಲ. ಆಗ ನಿಜವಾಗಿ ತಪ್ಪು ಮಾಡಿದವರೂ ಬಾಕಿ ಸಂಬಳದ ಸಮೇತ ಅದೇ ಹುದ್ದೆಗೆ ಮರಳಬಹುದು. ಮಕ್ಕಳ ಮೇಲಿನ ದೌರ್ಜನ್ಯದ ದೂರು ಬಂದರೆ ಆ ಶಿಕ್ಷಕನನ್ನು ಅದೇ ದಿನ ಶಾಲೆಯಿಂದ ಹೊರಗಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಅಂಥ ಪ್ರಕರಣದಲ್ಲೇ ವಿಚಾರಣೆ ಹೆಚ್ಚು ಬಿಗಿಯಾಗಿ ನಡೆಯಬೇಕು. ಇಲ್ಲವಾದರೆ ಧೈರ್ಯ ಮಾಡಿ ಬಾಯಿಬಿಟ್ಟ ಮಗುವಿಗೇ ಮೋಸ.

ಇನ್ನೊಂದು ಬಗೆಯ ಅಮಾನತೂ ಇದೆ. 2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲ್ಲೂಕಿನ ಶಿಕ್ಷಕರೊಬ್ಬರು ಹೊಸ ಮುಖ್ಯಮಂತ್ರಿಯನ್ನು ಟೀಕಿಸಿ ಫೇಸ್‌ಬುಕ್‌ನಲ್ಲಿ ಬರೆದರೆಂದು ಅಮಾನತಾದರು. ಸರ್ಕಾರಿ ನೌಕರರು ಸರ್ಕಾರವನ್ನು ಬಹಿರಂಗವಾಗಿ ಟೀಕಿಸಬಾರದೆಂಬ ನಡತೆ ನಿಯಮ ಇರುವುದು ಹೌದು. ಆದರೆ ಅಮಾನತಿಗೆ ಮೊದಲು ಒಂದು ನೋಟಿಸ್ ಕೊಟ್ಟು ಉತ್ತರ ಕೇಳಿದ್ದರೆ ಸಾಲುತ್ತಿರಲಿಲ್ಲವೇ? ಬಂಗಾರಪ್ಪ, ಯಡಿಯೂರಪ್ಪ ಎಂಬ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಸೊರಬ, ಶಿಕಾರಿಪುರಗಳಲ್ಲಿ ರಾಜಕೀಯ ಮನೆಮನೆಯ ಮಾತು. ಇಂಥ ಕಡೆ ‘ಮೇಷ್ಟ್ರು ಯಾರ ಕಡೆ’ ಎಂಬ ಪಿಸುಮಾತಿನಿಂದ ನೌಕರಿಯನ್ನು ಕಾಯುವುದು ಬರಹದಲ್ಲಿರುವ ನಿಯಮ ಮಾತ್ರ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 12ನೇ ಶತಮಾನದ ಅರಸರು ಕೋಡಿಯಮಠದ ವಿದ್ಯಾದಾನಕ್ಕೆ ದತ್ತಿ ಬಿಟ್ಟು ಕಲ್ಲಿನಲ್ಲಿ ಬರೆಸಿದರು. ಕಲಿಸುವವರ ಅನ್ನವನ್ನು ಆಳುವವರ ದಿನದಿನದ ಮರ್ಜಿಗೆ ಬಿಡಬಾರದೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ.

ಆರೋಪ ಪಟ್ಟಿ ಕೊಡದೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಅಮಾನತಿನಲ್ಲಿ ಇಡಬಾರದೆಂದು 2015ರ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ಕೇಳಿ ಪಡೆಯುವುದು ಸುಲಭವಲ್ಲ. ಸೊರಬದ ಮೇಷ್ಟ್ರು ನ್ಯಾಯಮಂಡಳಿಗೆ ಹೋಗಬೇಕೆಂದರೆ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ, ವಕೀಲರ ಫೀಜು, ಕೈಯಲ್ಲಿ ಬರೀ ಜೀವನಾಧಾರ ಭತ್ಯೆ.

ಈ ದಾರಿಯೂ ಇಲ್ಲದವರು ಅತಿಥಿ ಶಿಕ್ಷಕರು. ಕಾಯಂ ಹುದ್ದೆ ಖಾಲಿ ಇರುವ ಶಾಲೆ ನಡೆಯುವುದೇ ಅವರಿಂದ. ಜೂನ್‌ನಲ್ಲಿ ಕರೆಯುತ್ತಾರೆ, ವರ್ಷದ ಕೊನೆಗೆ ಬಿಡುತ್ತಾರೆ, ಬೇಸಿಗೆಯಲ್ಲಿ ಗೌರವಧನವಿಲ್ಲ. ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ, ಹಂಗಾಮಿಯಾಗಿ ಸೇರಿದವರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪು ಕೊಟ್ಟಿತು. ಅದು ನೇಮಕದ ಮಾತು. ಮಧ್ಯ ವರ್ಷದಲ್ಲಿ ಕಾರಣ ಹೇಳದೆ ‘ನಾಳೆಯಿಂದ ಬರಬೇಡಿ’ ಎನ್ನಲು ಆ ತೀರ್ಪು ಅಪ್ಪಣೆ ಕೊಟ್ಟಿಲ್ಲ. ಅತಿಥಿ ಶಿಕ್ಷಕಿಯೊಬ್ಬಳನ್ನು ತೆಗೆಯುವ ಮುನ್ನ ದೂರೇನೆಂದು ಬರೆದು ಕೊಡಲಿ, ಉತ್ತರಿಸಲು ಏಳು ದಿನ ಬಿಡಲಿ, ಆದೇಶಕ್ಕೆ ಬಿಇಒ ಸಹಿ ಇರಲಿ. ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆಯಿಂದಲೇ ಶುರುಮಾಡಬಹುದು. 2023ರಲ್ಲಿ ಶಾಲಾ ಶಿಕ್ಷಣ ಖಾತೆ ಹೋದದ್ದು ಸೊರಬದ ಶಾಸಕ ಮಧು ಬಂಗಾರಪ್ಪನವರಿಗೆ. ಆ ಸುತ್ತೋಲೆಯನ್ನು ಕೇಳುವ ಸಲಿಗೆ ಸೊರಬ, ಶಿಕಾರಿಪುರ ತಾಲ್ಲೂಕುಗಳ ಪೋಷಕರಿಗೆ, ಎಸ್‌ಡಿಎಂಸಿಗಳಿಗೆ ಉಳಿದವರಿಗಿಂತ ಹೆಚ್ಚೇ ಇದೆ.